ಡಾ. ಡೆನಿಸ್ ಬರ್ಕಿಟ್: ಕ್ಯಾನ್ಸರಿನ ಭೂಪಟ ಬರೆದ ಶಸ್ತ್ರವೈದ್ಯ

ಕ್ಯಾನ್ಸರ್ ಎಂಬ ಹೆಸರು ಕೇಳಿದೊಡನೆ ನಮ್ಮಲ್ಲಿ ಹಲವರಿಗೆ ಎರಡು ಬಗೆಯ ಭಯ ಆವರಿಸುತ್ತದೆ. ಮೊದಲನೆಯದು ಸಾವಿನ ಭಯ. ಎರಡನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ರೋಗಿಯ ಹತ್ತಿರ ಕುಳಿತರೆ, ಅವರು ಉಂಡ ತಟ್ಟೆ ಮುಟ್ಟಿದರೆ ನಮಗೂ ತಗಲುತ್ತದೆಯೋ ಏನೋ ಎಂಬ ಅಳುಕು ಅದು. ಜಠರದ ಗಡ್ಡೆಯಿಂದ ತೆಗೆದ ಚೂರಿನಲ್ಲಿ ವೈರಸ್ ಇದೆ ಎಂದು ಪ್ರಯೋಗಾಲಯದ ವರದಿ ಬಂದರಂತೂ ಈ ಅಳುಕು ಇಮ್ಮಡಿಯಾಗುತ್ತದೆ. ಮನೆ ಮನೆಗೆ ಹೋಗಿ ರೋಗಿಗಳನ್ನು ಭೇಟಿ ಮಾಡುವ ಧರ್ಮಭಗಿನಿಯರು, ವಾಳೆಯ ಗುರಿಕಾರರು ಇಂತಹ ಪ್ರಶ್ನೆಯನ್ನು ಒಂದಲ್ಲ ಒಂದು ದಿನ ಎದುರಿಸಬೇಕಾಗುತ್ತದೆ.

ಆ ವೈರಸ್‌ಗೆ ಎಪ್‌ಸ್ಟೈನ್-ಬಾರ್ ವೈರಸ್ ಎಂದು ಹೆಸರು. ಅದರ ಹೆಸರಿನಲ್ಲಿ ಬರ್ಕಿಟ್ ಎಂಬ ಪದವಿಲ್ಲ. ಆದರೆ ಉಗಾಂಡದ ಸರಕಾರಿ ಆಸ್ಪತ್ರೆಯೊಂದರಲ್ಲಿ ದುಡಿಯುತ್ತಿದ್ದ, ಒಂದೇ ಕಣ್ಣಿನ ಈ ಐರಿಷ್ ಶಸ್ತ್ರವೈದ್ಯ ಇಲ್ಲದಿದ್ದರೆ ಆ ವೈರಸ್ ಅಂದು ಪತ್ತೆಯಾಗುತ್ತಿರಲಿಲ್ಲ. ಅವರ ಜೀವನವನ್ನು ಇಲ್ಲಿ ಪರಿಚಯಿಸಲು ಕಾರಣ ಇದು: ಒಂದು ರೋಗದ ಬಳಿ ಒಂದು ವೈರಸ್ ಸಿಕ್ಕಿತು ಎಂದ ಮಾತ್ರಕ್ಕೆ ಅದೇ ಕಾರಣ ಎನ್ನಬಹುದೇ ಎಂಬ ಪ್ರಶ್ನೆ ಅವರ ಬದುಕಿನುದ್ದಕ್ಕೂ ಹರಿದಿದೆ. ಇಂದು ಜಠರದ ಕ್ಯಾನ್ಸರಿನ ವಿಷಯದಲ್ಲಿ ವಿಜ್ಞಾನಿಗಳ ಮುಂದಿರುವುದೂ ಅದೇ ಪ್ರಶ್ನೆ.

ಡೆನಿಸ್ ಪಾರ್ಸನ್ಸ್ ಬರ್ಕಿಟ್ ಹುಟ್ಟಿದ್ದು 1911ರ ಫೆಬ್ರವರಿ 28ರಂದು, ಉತ್ತರ ಐರ್ಲೆಂಡಿನ ಎನ್ನಿಸ್ಕಿಲ್ಲೆನ್ ಎಂಬ ಪುಟ್ಟ ಪಟ್ಟಣದಲ್ಲಿ. ತಂದೆ ಜೇಮ್ಸ್ ಬರ್ಕಿಟ್ ಫರ್ಮಾನಾ ಕೌಂಟಿಯ ಇಂಜಿನಿಯರ್. ರಸ್ತೆ, ಸೇತುವೆಗಳ ಉಸ್ತುವಾರಿ ಅವರ ಉದ್ಯೋಗ. ಹಕ್ಕಿಗಳು ಅವರ ಹವ್ಯಾಸ. ತಮ್ಮ ಮನೆಯ ತೋಟಕ್ಕೆ ಬರುವ ರಾಬಿನ್ ಹಕ್ಕಿಗಳ ಕಾಲಿಗೆ ಲೋಹದ ಸಣ್ಣ ಬಳೆ ತೊಡಿಸಿ, ಯಾವ ಹಕ್ಕಿ ಎಲ್ಲಿ ನೆಲೆಸುತ್ತದೆ, ತನ್ನ ಗಡಿಯನ್ನು ಎಲ್ಲಿ ಕಾಯುತ್ತದೆ ಎಂಬುದನ್ನು ಅವರು ನಕ್ಷೆಯಲ್ಲಿ ಗುರುತಿಸುತ್ತಿದ್ದರು. ಹಕ್ಕಿಶಾಸ್ತ್ರದಲ್ಲಿ ಈ ಕೆಲಸಕ್ಕೆ ಇಂದಿಗೂ ಗೌರವವಿದೆ. ಮಗ ಮುಂದೆ ಆಫ್ರಿಕದ ಭೂಪಟದ ಮೇಲೆ ಮಾಡಿದ್ದೂ ಹೆಚ್ಚುಕಡಿಮೆ ಇದೇ ಕೆಲಸ, ಹಕ್ಕಿಯ ಜಾಗದಲ್ಲಿ ರೋಗ ಅಷ್ಟೇ.

ಹನ್ನೊಂದನೆಯ ವಯಸ್ಸಿನಲ್ಲಿ ಡೆನಿಸ್ ತಮ್ಮ ಬಲಗಣ್ಣನ್ನು ಕಳೆದುಕೊಂಡರು. ಹುಡುಗರ ಎರಡು ಗುಂಪುಗಳ ನಡುವೆ ಕಲ್ಲೆಸೆತ ನಡೆದಾಗ ಒಂದು ಕಲ್ಲು ಕನ್ನಡಕಕ್ಕೆ ಬಡಿಯಿತು. ಅಂದಿನಿಂದ ಕೊನೆಯವರೆಗೂ ಅವರದ್ದು ಗಾಜಿನ ಬಲಗಣ್ಣು. ಓದಿನಲ್ಲಿ ಅವರು ಮುಂದಿದ್ದವರೂ ಅಲ್ಲ. 1929ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿಗೆ ತಂದೆಯಂತೆ ಇಂಜಿನಿಯರ್ ಆಗಲು ಸೇರಿದರು. ಅಲ್ಲಿ ಪ್ರಾರ್ಥನೆಗಾಗಿ ಸೇರುತ್ತಿದ್ದ ವಿದ್ಯಾರ್ಥಿಗಳ ಒಂದು ಸಣ್ಣ ಕೂಟ ಅವರ ದಾರಿಯನ್ನೇ ಬದಲಿಸಿತು. ಬರ್ಕಿಟ್ ಪ್ರೊಟೆಸ್ಟೆಂಟ್ ಕುಟುಂಬದವರು. ಆ ಕೂಟದಲ್ಲಿ ಅವರ ವಿಶ್ವಾಸ ಬಲಗೊಂಡು, ದೇವರು ತಮ್ಮನ್ನು ವೈದ್ಯನಾಗಲು ಕರೆಯುತ್ತಿದ್ದಾರೆ ಎಂದು ಅವರಿಗೆ ಮನವರಿಕೆಯಾಯಿತು. ಇಂಜಿನಿಯರಿಂಗ್ ಬಿಟ್ಟು ವೈದ್ಯಕೀಯಕ್ಕೆ ಬಂದರು. 1935ರಲ್ಲಿ ಪದವಿ, 1938ರಲ್ಲಿ ಎಡಿನ್‌ಬರೋದಲ್ಲಿ ಶಸ್ತ್ರವೈದ್ಯರ ಫೆಲೋಶಿಪ್. ಅದೇ ವರ್ಷ ಸರಕು ಹಡಗೊಂದರ ವೈದ್ಯರಾಗಿ ಮಂಚೂರಿಯದವರೆಗೆ ಹೋಗಿಬಂದರು. ಆ ದೀರ್ಘ ಪ್ರಯಾಣದಲ್ಲೇ ದೂರದ ನಾಡಿನಲ್ಲಿ ಸೇವೆ ಮಾಡಬೇಕೆಂಬ ನಿರ್ಧಾರ ಗಟ್ಟಿಯಾಯಿತು.

ಆದರೆ ವಸಾಹತು ಸೇವೆಗೆ ಅರ್ಜಿ ಹಾಕಿದಾಗ ಒಂದೇ ಕಣ್ಣು ಎಂಬ ಕಾರಣಕ್ಕೆ ಅವರನ್ನು ತಿರಸ್ಕರಿಸಲಾಯಿತು. ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. 1941ರಲ್ಲಿ ಸೈನ್ಯದ ವೈದ್ಯಕೀಯ ದಳ ಅವರನ್ನು ಸೇರಿಸಿಕೊಂಡಿತು. ಕೆನ್ಯ, ಸೊಮಾಲಿಲ್ಯಾಂಡ್, ನಮ್ಮ ನೆರೆಯ ಸಿಲೋನ್ ಹೀಗೆ ಹಲವೆಡೆ ಸೇವೆ. 1943ರಲ್ಲಿ ದಾದಿಯಾಗಿದ್ದ ಆಲಿವ್ ರೋಜರ್ಸ್ ಅವರೊಂದಿಗೆ ವಿವಾಹ. ಮುಂದೆ ಮೂವರು ಹೆಣ್ಣುಮಕ್ಕಳು. ಯುದ್ಧ ಮುಗಿದ ಮೇಲೆ ಮತ್ತೆ ಅರ್ಜಿ ಹಾಕಿದರು. ಈ ಬಾರಿ ಅವಕಾಶ ಸಿಕ್ಕಿತು. 1946ರಲ್ಲಿ ಉಗಾಂಡದ ಉತ್ತರ ಭಾಗದ ಲಿರಾ ಎಂಬ ಊರಿಗೆ ಅವರನ್ನು ನೇಮಿಸಲಾಯಿತು.

ಲಿರಾದಲ್ಲಿ ಶಸ್ತ್ರಚಿಕಿತ್ಸೆಗೆ ಬರುತ್ತಿದ್ದ ಗಂಡಸರಲ್ಲಿ ಅಂಡವಾಯು, ಅಂದರೆ ವೃಷಣದ ಚೀಲದಲ್ಲಿ ನೀರು ತುಂಬುವ ತೊಂದರೆ, ಬಹಳ ಸಾಮಾನ್ಯವಾಗಿತ್ತು. ಬೇರೆ ವೈದ್ಯರು ನೀರು ತೆಗೆದು ಕಳುಹಿಸಿಬಿಡುತ್ತಿದ್ದರೇನೋ. ಬರ್ಕಿಟ್ ಪ್ರತಿಯೊಬ್ಬ ರೋಗಿಯ ಊರನ್ನು ಬರೆದಿಟ್ಟುಕೊಂಡರು. ಜಿಲ್ಲೆಯ ಒಂದು ಭಾಗದಲ್ಲಿ ಇದು ಮನೆಮಾತು, ಇನ್ನೊಂದು ಭಾಗದಲ್ಲಿ ಅಪರೂಪ ಎಂಬುದು ಹೊರಬಿತ್ತು. ಸೊಳ್ಳೆಯಿಂದ ಹರಡುವ ಆನೆಕಾಲು ರೋಗದ ಹುಳುವಿಗೂ ಇದಕ್ಕೂ ನಂಟಿತ್ತು. ಯಾವ ರೋಗ ಎಂದು ಕೇಳಿದ ಮೇಲೆ, ಅದು ಎಲ್ಲಿದೆ, ಎಲ್ಲಿ ಇಲ್ಲ ಎಂದೂ ಕೇಳುವುದು ಅಂದಿನಿಂದ ಅವರ ರೂಢಿಯಾಯಿತು. 1948ರಲ್ಲಿ ಅವರಿಗೆ ರಾಜಧಾನಿ ಕಂಪಾಲದ ಮುಲಾಗೊ ಆಸ್ಪತ್ರೆಗೆ ವರ್ಗವಾಯಿತು.

ಅವರ ಬದುಕಿನ ತಿರುವು ಬಂದದ್ದು 1957ರಲ್ಲಿ. ಮಕ್ಕಳ ವಾರ್ಡಿನಲ್ಲಿದ್ದ ಡಾ. ಹ್ಯೂ ಟ್ರೋವೆಲ್ ಒಬ್ಬ ಐದು ವರ್ಷದ ಬಾಲಕನನ್ನು ನೋಡಲು ಬರ್ಕಿಟ್‌ರನ್ನು ಕರೆದರು. ಮಗುವಿನ ಮುಖ ಊದಿ ವಿಕಾರವಾಗಿತ್ತು. ಮೇಲಿನ ದವಡೆಯ ಎರಡೂ ಬದಿ, ಕೆಳಗಿನ ದವಡೆಯ ಎರಡೂ ಬದಿ, ನಾಲ್ಕು ಕಡೆ ಗಡ್ಡೆ. ಹಲ್ಲುಗಳು ಸಡಿಲವಾಗಿದ್ದವು. ಸೋಂಕಾದರೆ ನಾಲ್ಕೂ ಮೂಲೆಗೆ ಒಟ್ಟಿಗೆ ಬರುವುದಿಲ್ಲ; ಸಾಮಾನ್ಯ ಗಡ್ಡೆಯೂ ಹಾಗೆ ಬರುವುದಿಲ್ಲ. ಬರ್ಕಿಟ್‌ರಿಗೆ ಅರ್ಥವಾಗಲಿಲ್ಲ. ತಮ್ಮ ರೂಢಿಯಂತೆ ಫೋಟೊ ತೆಗೆದಿಟ್ಟುಕೊಂಡರು.

ಕೆಲವೇ ವಾರಗಳ ನಂತರ ಜಿಂಜಾ ಎಂಬ ಊರಿನ ಆಸ್ಪತ್ರೆಗೆ ಭೇಟಿ ಕೊಟ್ಟಿದ್ದರು. ಕಿಟಕಿಯಿಂದ ಹೊರಗೆ ನೋಡಿದಾಗ ಹುಲ್ಲಿನ ಮೇಲೆ ತಾಯಿಯೊಂದಿಗೆ ಕುಳಿತಿದ್ದ ಒಂದು ಮಗು ಕಣ್ಣಿಗೆ ಬಿತ್ತು. ಅದೇ ಮುಖ, ಅದೇ ಊತ! ಓಡಿಹೋಗಿ ಪರೀಕ್ಷಿಸಿದರು. ಈ ಮಗುವಿಗೆ ದವಡೆಯ ಜೊತೆಗೆ ಹೊಟ್ಟೆಯಲ್ಲೂ ಗಡ್ಡೆಗಳಿದ್ದವು. ಒಂದು ಮಗುವಿಗೆ ಬಂದದ್ದು ವಿಚಿತ್ರ ಎನ್ನಬಹುದು. ಎರಡು ಮಕ್ಕಳಿಗೆ ಬಂದರೆ ಅದು ರೋಗ. ಕಂಪಾಲಕ್ಕೆ ಮರಳಿ ಹಳೆಯ ದಾಖಲೆಗಳನ್ನು, ಮರಣೋತ್ತರ ಪರೀಕ್ಷೆಯ ವರದಿಗಳನ್ನು ಕೆದಕಿದರು. ಮೂತ್ರಪಿಂಡ, ಯಕೃತ್ತು, ಅಂಡಾಶಯ ಹೀಗೆ ಬೇರೆ ಬೇರೆ ಅಂಗಗಳ ಕ್ಯಾನ್ಸರ್ ಎಂದು ಬೇರೆ ಬೇರೆ ಹೆಸರಿನಲ್ಲಿ ದಾಖಲಾಗಿದ್ದ ಎಷ್ಟೋ ಮಕ್ಕಳಿಗೆ ದವಡೆಯ ಗಡ್ಡೆಯೂ ಇತ್ತು. ಕಂಪಾಲದ ಮೆಂಗೊ ಮಿಷನ್ ಆಸ್ಪತ್ರೆಯ ಸ್ಥಾಪಕ ಡಾ. ಆಲ್ಬರ್ಟ್ ಕುಕ್ ಶತಮಾನದ ಆರಂಭದಲ್ಲೇ ಇಂತಹ ಮಕ್ಕಳ ಚಿತ್ರ ಬರೆದಿಟ್ಟಿದ್ದರು. ಎಲ್ಲರೂ ನೋಡಿದ್ದರು, ಆದರೆ ಇವೆಲ್ಲ ಒಂದೇ ರೋಗ ಎಂದು ಯಾರಿಗೂ ಹೊಳೆದಿರಲಿಲ್ಲ.

1958ರಲ್ಲಿ ಬ್ರಿಟಿಷ್ ಶಸ್ತ್ರವೈದ್ಯರ ಪತ್ರಿಕೆಯಲ್ಲಿ ಬರ್ಕಿಟ್ ಇದನ್ನು ಪ್ರಕಟಿಸಿದರು. ಹೆಚ್ಚಿನವರು ಗಮನಿಸಲಿಲ್ಲ. ಇದು ರಕ್ತದ ಬಿಳಿಕಣಗಳ ಒಂದು ಬಗೆಯಾದ ಲಿಂಫೋಸೈಟುಗಳ ಕ್ಯಾನ್ಸರ್, ಅಂದರೆ ಲಿಂಫೋಮಾ, ಎಂದು ಕಂಪಾಲದ ರೋಗಶಾಸ್ತ್ರಜ್ಞರು ಗುರುತಿಸಿದರು. ಇಂದು ಎಲ್ಲ ಆಸ್ಪತ್ರೆಗಳಲ್ಲೂ ಇದರ ಹೆಸರು ಬರ್ಕಿಟ್ ಲಿಂಫೋಮಾ.

ಇಲ್ಲಿಂದ ಮುಂದೆ ಅವರು ಮಾಡಿದ ಕೆಲಸಕ್ಕೆ ದೊಡ್ಡ ಪ್ರಯೋಗಾಲಯ ಬೇಕಾಗಲಿಲ್ಲ, ಅಂಚೆಚೀಟಿ ಬೇಕಾಯಿತು. ರೋಗದ ಫೋಟೊ ಇರುವ ಒಂದು ಕರಪತ್ರ ಅಚ್ಚು ಹಾಕಿಸಿ, ಆಫ್ರಿಕದಾದ್ಯಂತ ಸರಕಾರಿ ಹಾಗೂ ಮಿಷನ್ ಆಸ್ಪತ್ರೆಗಳಿಗೆ ಕಳುಹಿಸಿ, ಇಂತಹ ಮಕ್ಕಳನ್ನು ನೀವು ಕಂಡಿದ್ದೀರಾ ಎಂದು ಕೇಳಿದರು. ಕಾಡಿನ ಮೂಲೆಯಲ್ಲಿದ್ದ ವೈದ್ಯರು, ದಾದಿಯರು ಉತ್ತರ ಬರೆದರು. ಉತ್ತರ ಬಂದಂತೆಲ್ಲ ಗೋಡೆಯ ಮೇಲಿನ ಭೂಪಟಕ್ಕೆ ಒಂದೊಂದು ಗುಂಡುಸೂಜಿ. ಸ್ವಲ್ಪ ಕಾಲದಲ್ಲಿ ಸೂಜಿಗಳು ಆಫ್ರಿಕದ ನಡುವೆ ಒಂದು ಪಟ್ಟಿಯಂತೆ ಕಂಡವು: ಭೂಮಧ್ಯರೇಖೆಯ ಉತ್ತರಕ್ಕೆ ಸುಮಾರು 15 ಡಿಗ್ರಿ, ದಕ್ಷಿಣಕ್ಕೆ ಸುಮಾರು 15 ಡಿಗ್ರಿ, ಪೂರ್ವ ಕರಾವಳಿಯ ಉದ್ದಕ್ಕೆ ಕೆಳಗೆ ಇಳಿದ ಒಂದು ಬಾಲ.

ಪಟ್ಟಿ ಅಲ್ಲಿಗೇ ಏಕೆ ನಿಂತಿತು ಎಂಬುದನ್ನು ಕಣ್ಣಾರೆ ನೋಡಲು ಅವರು ಹೊರಟೇಬಿಟ್ಟರು. 250 ಪೌಂಡ್ ಕೊಟ್ಟು 1954ರ ಮಾದರಿಯ ಹಳೆಯ ಫೋರ್ಡ್ ಸ್ಟೇಷನ್ ವ್ಯಾಗನ್ ಕೊಂಡರು. ಜೊತೆಗೆ ಇಬ್ಬರು ಮಿಷನರಿ ವೈದ್ಯರು, ಟೆಡ್ ವಿಲಿಯಮ್ಸ್ ಮತ್ತು ಕ್ಲಿಫರ್ಡ್ ನೆಲ್ಸನ್. ವಿಲಿಯಮ್ಸ್‌ರಿಗೆ ಗಾಡಿ ರಿಪೇರಿಯೂ ಬರುತ್ತಿದ್ದುದು ದೊಡ್ಡ ಉಪಕಾರವಾಯಿತು. 1961ರ ಅಕ್ಟೋಬರ್ 7ರಂದು ಕಂಪಾಲ ಬಿಟ್ಟ ಈ ಮೂವರು ದಕ್ಷಿಣ ಆಫ್ರಿಕದವರೆಗೆ ಹೋಗಿ, ಹತ್ತು ವಾರಗಳಲ್ಲಿ ಸುಮಾರು 10,000 ಮೈಲು ಕ್ರಮಿಸಿ, 57 ಆಸ್ಪತ್ರೆಗಳಿಗೆ ಭೇಟಿ ಕೊಟ್ಟು ಮರಳಿದರು. ವೈದ್ಯಕೀಯ ಇತಿಹಾಸದಲ್ಲಿ ಇದಕ್ಕೆ ಗಡ್ಡೆಯ ಸಫಾರಿ ಎಂದೇ ಹೆಸರು. ಪ್ರತಿ ಆಸ್ಪತ್ರೆಯಲ್ಲೂ ಫೋಟೊ ತೋರಿಸುವುದು, ಕೇಳುವುದು, ಬರೆದುಕೊಳ್ಳುವುದು, ಮುಂದಿನ ಊರಿಗೆ ಹೊರಡುವುದು. ಇಷ್ಟೇ ಕೆಲಸ.

ಇಲ್ಲ ಎಂಬ ಉತ್ತರವೂ ಅವರಿಗೆ ಬೇಕಾಗಿತ್ತು. ಭೂಮಧ್ಯರೇಖೆಯ ಬಳಿ 5,000 ಅಡಿಗಿಂತ ಎತ್ತರದ ಊರುಗಳಲ್ಲಿ ರೋಗವಿರಲಿಲ್ಲ. ದಕ್ಷಿಣಕ್ಕೆ ಹೋದಂತೆ ಈ ಎತ್ತರದ ಗಡಿ ಕೆಳಗೆ ಇಳಿಯುತ್ತಾ ಬಂತು. ಹಾಗಾದರೆ ಲೆಕ್ಕಕ್ಕೆ ಬರುವುದು ಎತ್ತರವಲ್ಲ, ಉಷ್ಣತೆ. ಚಳಿ ಹೆಚ್ಚಿರುವಲ್ಲಿ, ಮಳೆ ತೀರ ಕಡಿಮೆ ಇರುವಲ್ಲಿ ಈ ಕ್ಯಾನ್ಸರ್ ಇಲ್ಲ. ಶಾಖ, ಮಳೆ ಎರಡನ್ನೂ ಬೇಡುವ ಜೀವಿ ಯಾವುದು? ಕರಾವಳಿಯ ನಮಗೆ ಉತ್ತರ ಹೇಳಿಕೊಡಬೇಕಾಗಿಲ್ಲ. ಸೊಳ್ಳೆ! ಸೊಳ್ಳೆಯಿಂದ ಹರಡುವ ಯಾವುದೋ ವೈರಸ್ ಈ ಕ್ಯಾನ್ಸರಿಗೆ ಕಾರಣವಿರಬೇಕು ಎಂದು ಬರ್ಕಿಟ್ ಮತ್ತು ಅವರ ಸಂಗಡಿಗರು ಊಹಿಸಿದರು.

ಕ್ಯಾನ್ಸರಿಗೆ ವೈರಸ್ ಕಾರಣ ಎಂಬ ಮಾತು ಅಂದು ಬಹುತೇಕ ನಗೆಗೀಡಾಗುತ್ತಿತ್ತು. ಬರ್ಕಿಟ್ ಹುಟ್ಟಿದ 1911ರಲ್ಲೇ ಅಮೆರಿಕದ ಪೇಟನ್ ರೌಸ್ ಎಂಬ ವಿಜ್ಞಾನಿ ಕೋಳಿಯ ಗಡ್ಡೆಯೊಂದು ವೈರಸ್‌ನಿಂದ ಹರಡುತ್ತದೆ ಎಂದು ತೋರಿಸಿದ್ದರು. ಅವರಿಗೆ ನೊಬೆಲ್ ಬಹುಮಾನ ಸಿಕ್ಕಿದ್ದು 1966ರಲ್ಲಿ, 55 ವರ್ಷ ಕಾದ ಮೇಲೆ. ಕೋಳಿಗೆ ಸರಿ, ಮನುಷ್ಯನಿಗೆ ಹೇಗೆ ಎಂಬುದೇ ಹೆಚ್ಚಿನವರ ವಾದವಾಗಿತ್ತು.

ಸಫಾರಿಗೆ ಕೆಲವು ತಿಂಗಳ ಮೊದಲು, 1961ರ ಮಾರ್ಚ್ 22ರಂದು, ರಜೆಯ ಮೇಲೆ ಲಂಡನ್‌ಗೆ ಬಂದಿದ್ದ ಬರ್ಕಿಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಒಂದು ಉಪನ್ಯಾಸ ಕೊಟ್ಟರು. ಆಫ್ರಿಕದಿಂದ ಬಂದ ಹೆಸರಿಲ್ಲದ ಶಸ್ತ್ರವೈದ್ಯ, ಸಭೆಯೇನೂ ದೊಡ್ಡದಿರಲಿಲ್ಲ. ಆದರೆ ಕೇಳುಗರಲ್ಲಿ ಆಂಥನಿ ಎಪ್‌ಸ್ಟೈನ್ ಎಂಬ ಯುವ ವಿಜ್ಞಾನಿ ಇದ್ದರು. ರೌಸ್ ಕಂಡುಹಿಡಿದ ಅದೇ ಕೋಳಿಯ ವೈರಸ್ ಮೇಲೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಲಸ ಮಾಡುತ್ತಿದ್ದವರು ಅವರು. ಮಳೆ, ಉಷ್ಣತೆಯ ಮಾತು ಕಿವಿಗೆ ಬೀಳುತ್ತಲೇ ತಾನು ಹುಡುಕಬೇಕಾದದ್ದು ಇಲ್ಲಿದೆ ಎಂದು ಅವರಿಗೆ ಅನಿಸಿತು. ಉಪನ್ಯಾಸ ಮುಗಿದೊಡನೆ ಇಬ್ಬರೂ ಮಾತನಾಡಿಕೊಂಡರು. ಗಡ್ಡೆಯ ಚೂರುಗಳನ್ನು ಕಂಪಾಲದಿಂದ ರಾತ್ರಿಯ ವಿಮಾನದಲ್ಲಿ ಲಂಡನ್‌ಗೆ ಕಳುಹಿಸುವುದೆಂದು ತೀರ್ಮಾನವಾಯಿತು.

ಎರಡು ವರ್ಷ ಚೂರುಗಳು ಬಂದವು. ಎಪ್‌ಸ್ಟೈನ್ ಅವುಗಳಲ್ಲಿ ವೈರಸ್ ಹುಡುಕಿದರು, ಕಾಣಲಿಲ್ಲ. ಜೀವಕೋಶಗಳನ್ನು ಬೆಳೆಸಲು ನೋಡಿದರು, ಬೆಳೆಯಲಿಲ್ಲ. 1963ರ ಡಿಸೆಂಬರ್ 5ರಂದು ದಟ್ಟ ಮಂಜಿನಿಂದಾಗಿ ವಿಮಾನ ಲಂಡನ್‌ನಲ್ಲಿ ಇಳಿಯಲಾಗದೆ ಮ್ಯಾಂಚೆಸ್ಟರ್‌ಗೆ ಹೋಯಿತು. ಚೂರು ಪ್ರಯೋಗಾಲಯ ತಲುಪುವಾಗ ಬಹಳ ತಡವಾಗಿತ್ತು. ಸೀಸೆಯೊಳಗಿನ ದ್ರವ ಕದಡಿಹೋಗಿತ್ತು. ಬ್ಯಾಕ್ಟೀರಿಯಾ ಸೇರಿ ಕೊಳೆತಿದೆ ಎಂದು ಎಸೆಯಬೇಕಾದ ಹಾಗೆ! ಆದರೂ ಎಸೆಯುವ ಮೊದಲು ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಬ್ಯಾಕ್ಟೀರಿಯಾ ಇರಲಿಲ್ಲ. ಪ್ರಯಾಣದಲ್ಲಿ ಕುಲುಕಿ ಗಡ್ಡೆಯಿಂದ ಬಿಡಿಬಿಡಿಯಾದ ಜೀವಂತ ಕೋಶಗಳು ದ್ರವದಲ್ಲಿ ತೇಲುತ್ತಿದ್ದವು. ಈ ಕೋಶಗಳು ಗಾಜಿಗೆ ಅಂಟಿ ಬೆಳೆಯುವ ಜಾತಿಯಲ್ಲ, ತೇಲಿಕೊಂಡು ಬೆಳೆಯುವ ಜಾತಿ ಎಂಬುದು ಆ ಮಂಜಿನ ದಯೆಯಿಂದ ತಿಳಿಯಿತು. ವಿಮಾನ ಸಮಯಕ್ಕೆ ಸರಿಯಾಗಿ ಇಳಿದಿದ್ದರೆ ಏನಾಗುತ್ತಿತ್ತೋ.

ತೇಲುವ ಕೋಶಗಳನ್ನು ಬೆಳೆಸಿ, 1964ರ ಫೆಬ್ರವರಿ 24ರಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಮೊದಲ ನೋಟದಲ್ಲೇ ಒಂದು ಕೋಶದ ತುಂಬ ವೈರಸ್ ಕಣಗಳು. ಯಂತ್ರದ ಕಿರಣಕ್ಕೆ ಮಾದರಿ ಸುಟ್ಟುಹೋದೀತೆಂದು ಹೆದರಿದ ಎಪ್‌ಸ್ಟೈನ್ ಯಂತ್ರವನ್ನೇ ಆರಿಸಿ, ಹೊರಗೆ ಬೀಳುತ್ತಿದ್ದ ಹಿಮದಲ್ಲಿ ಒಂದು ಸುತ್ತು ನಡೆದು ಮನಸ್ಸನ್ನು ಹತೋಟಿಗೆ ತಂದುಕೊಂಡು ಬಂದು ಮತ್ತೆ ನೋಡಿದರಂತೆ. ಮಾರ್ಚ್ 28ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಎಪ್‌ಸ್ಟೈನ್, ಟ್ರಿನಿಡಾಡಿನ ಬರ್ಟ್ ಅಚಾಂಗ್ ಮತ್ತು ಐರ್ಲೆಂಡಿನ ಇವೊನ್ ಬಾರ್ ಇದನ್ನು ಪ್ರಕಟಿಸಿದರು. ಮನುಷ್ಯನ ಕ್ಯಾನ್ಸರಿಗೆ ನಂಟಿರುವ ಮೊದಲ ವೈರಸ್ ಇದು.

ಇತ್ತ ಕಂಪಾಲದಲ್ಲಿ ಬರ್ಕಿಟ್‌ರ ಮುಂದೆ ಇನ್ನೊಂದು ಕೆಲಸವಿತ್ತು. ದವಡೆಯ ಗಡ್ಡೆಯನ್ನು ಕೊಯ್ದು ತೆಗೆಯುವುದು ನಿಷ್ಫಲ. ಅದು ಇನ್ನೆಲ್ಲೋ ಇರುತ್ತಿತ್ತು. ವಿಕಿರಣ ಚಿಕಿತ್ಸೆಯ ಸೌಲಭ್ಯ ಅಲ್ಲಿರಲಿಲ್ಲ. ಆಗಷ್ಟೇ ಬರುತ್ತಿದ್ದ ಕ್ಯಾನ್ಸರ್ ಔಷಧಿಗಳನ್ನು, ಮೆಥೊಟ್ರೆಕ್ಸೇಟ್, ಸೈಕ್ಲೊಫಾಸ್ಫಮೈಡ್, ವಿನ್‌ಕ್ರಿಸ್ಟೀನ್ ಇವುಗಳನ್ನು, ತರಿಸಿ ಸಣ್ಣ ಪ್ರಮಾಣದಲ್ಲಿ ಕೊಟ್ಟರು. ಕೆಲವು ಮಕ್ಕಳ ಮುಖದ ಗಡ್ಡೆ ಕೆಲವೇ ದಿನಗಳಲ್ಲಿ ಕರಗಿತು. ಎಲ್ಲರೂ ಉಳಿಯಲಿಲ್ಲ. ಆದರೆ ಕೆಲವರು ಪೂರ್ಣ ಗುಣವಾಗಿ ಬೆಳೆದು ದೊಡ್ಡವರಾದರು. ಔಷಧಿಯೊಂದರಿಂದಲೇ ಕ್ಯಾನ್ಸರ್ ವಾಸಿಯಾಗಬಹುದು ಎಂಬ ನಂಬಿಕೆ ಜಗತ್ತಿಗೆ ಬರುವುದರಲ್ಲಿ ಈ ಮಕ್ಕಳ ಪಾಲಿದೆ. 1972ರ ಲಾಸ್ಕರ್ ಪ್ರಶಸ್ತಿ ಅವರಿಗೆ ಬಂದದ್ದು ಈ ಚಿಕಿತ್ಸೆಗಾಗಿ. ಶಸ್ತ್ರವೈದ್ಯನೊಬ್ಬ ಕತ್ತಿಯನ್ನು ಬದಿಗಿಟ್ಟು ಗಳಿಸಿದ ಪ್ರಶಸ್ತಿ!

ಹಾಗಾದರೆ ಸೊಳ್ಳೆಯ ವೈರಸ್ ಎಂಬ ಊಹೆ ನಿಜವಾಯಿತೇ? ಅರ್ಧ ಮಾತ್ರ. ಫಿಲಡೆಲ್ಫಿಯದ ವರ್ನರ್ ಮತ್ತು ಗರ್ಟ್ರೂಡ್ ಹೆನ್ಲೆ ದಂಪತಿ ರಕ್ತ ಪರೀಕ್ಷೆ ಮಾಡಿದಾಗ, ಆಫ್ರಿಕದವರಲ್ಲಷ್ಟೇ ಅಲ್ಲ, ಅಮೆರಿಕದವರ ರಕ್ತದಲ್ಲೂ ಈ ವೈರಸ್ ಬಂದುಹೋದ ಗುರುತು ಸಿಕ್ಕಿತು. ಇದು ಹರಡುವುದು ಸೊಳ್ಳೆಯಿಂದಲ್ಲ, ಎಂಜಲಿನಿಂದ. ಜಗತ್ತಿನ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಯ ದೇಹದಲ್ಲಿ ಇದಿದೆ. ಈ ಲೇಖನ ಓದುತ್ತಿರುವ ನಿಮ್ಮಲ್ಲೂ ಇರುವ ಸಂಭವ ಹೆಚ್ಚು. ಚಿಕ್ಕಂದಿನಲ್ಲಿ ಬಂದರೆ ಹೆಚ್ಚಿನವರಿಗೆ ತಿಳಿಯುವುದೂ ಇಲ್ಲ. ಹದಿಹರೆಯದಲ್ಲಿ ಬಂದರೆ ಕೆಲವರಿಗೆ ಗಂಟಲು ನೋವು, ಜ್ವರ, ಕುತ್ತಿಗೆಯಲ್ಲಿ ಗ್ರಂಥಿಗಳ ಊತ. ಆಮೇಲೆ ಅದು ಲಿಂಫೋಸೈಟುಗಳಲ್ಲಿ ಜೀವನಪೂರ್ತಿ ಸದ್ದಿಲ್ಲದೆ ಮಲಗಿರುತ್ತದೆ.

ಎಲ್ಲರಲ್ಲೂ ಇರುವ ವೈರಸ್ ಆಫ್ರಿಕದ ಆ ಪಟ್ಟಿಯ ಮಕ್ಕಳಿಗೆ ಮಾತ್ರ ಏಕೆ ಮಾರಕವಾಯಿತು? ಉತ್ತರ ಮಲೇರಿಯ. ಅಲ್ಲಿ ಸೊಳ್ಳೆಯಿತ್ತು, ಬರ್ಕಿಟ್ ನೆನೆಸಿದ ರೀತಿಯಲ್ಲಲ್ಲ ಅಷ್ಟೇ. ಹುಟ್ಟಿದಂದಿನಿಂದ ಮತ್ತೆ ಮತ್ತೆ ಬರುವ ಕಠಿಣ ಮಲೇರಿಯ ಆ ಲಿಂಫೋಸೈಟುಗಳನ್ನು ಎಡೆಬಿಡದೆ ವೃದ್ಧಿಯಾಗುವಂತೆ ಕೆಣಕುತ್ತದೆ. ವೈರಸ್ಸನ್ನು ಹದ್ದುಬಸ್ತಿನಲ್ಲಿಡುವ ದೇಹದ ಕಾವಲನ್ನು ಸಡಿಲಿಸುತ್ತದೆ. ಹೀಗೆ ಕೋಶಗಳು ಹೆಚ್ಚುತ್ತಿರುವಾಗ ಒಂದು ಕೋಶದ ವರ್ಣತಂತುಗಳಲ್ಲಿ ತುಂಡೊಂದು ಸ್ಥಳ ಬದಲಿಸಿ ಕ್ಯಾನ್ಸರ್ ಆರಂಭವಾಗುತ್ತದೆ. ಅಂದರೆ ವೈರಸ್ ಒಂದೇ ಸಾಲದು. ಅದಕ್ಕೆ ಜೊತೆ ಬೇಕು. ಭೂಪಟದ ಮೇಲೆ ಬರ್ಕಿಟ್ ಕಂಡದ್ದು ನಿಜವಾಗಿ ಆ ಜೊತೆಗಾರನ ಊರನ್ನು.

ಈಗ ಜಠರಕ್ಕೆ ಬರೋಣ. 1990ರಲ್ಲಿ, ಬರ್ಕಿಟ್ ಇನ್ನೂ ಬದುಕಿದ್ದಾಗಲೇ, ಅಮೆರಿಕದ ಸಂಶೋಧಕರು ಜಠರದ ಅಪರೂಪದ ಒಂದು ಬಗೆಯ ಕ್ಯಾನ್ಸರ್ ಗಡ್ಡೆಯಲ್ಲಿ ಎಪ್‌ಸ್ಟೈನ್-ಬಾರ್ ವೈರಸ್‌ನ ಡಿಎನ್‌ಎ ಕಂಡರು. ಮುಂದಿನ ಎರಡು ಮೂರು ವರ್ಷಗಳಲ್ಲಿ ಅಮೆರಿಕ, ಜಪಾನ್‌ಗಳಲ್ಲಿ ಸಾಮಾನ್ಯ ಜಠರ ಕ್ಯಾನ್ಸರ್‌ಗಳಲ್ಲೂ ಅದು ಸಿಕ್ಕಿತು. ದವಡೆಯ ಗಡ್ಡೆ ಎಲ್ಲಿ, ಜಠರ ಎಲ್ಲಿ! ಹಲವರಿಗೆ ಅನುಮಾನ ಬಂದದ್ದು ಸಹಜ. ಹತ್ತರಲ್ಲಿ ಒಂಬತ್ತು ಜನರಲ್ಲಿರುವ ವೈರಸ್ ಗಡ್ಡೆಯ ಚೂರಿನಲ್ಲಿ ಸಿಕ್ಕಿದರೆ ಅದರಲ್ಲಿ ವಿಶೇಷವೇನು? ಗಾಯ, ಉರಿಯೂತ ಇರುವಲ್ಲಿಗೆಲ್ಲ ಲಿಂಫೋಸೈಟುಗಳು ಬಂದು ಸೇರುತ್ತವೆ, ತಮ್ಮೊಳಗಿನ ವೈರಸ್ಸನ್ನೂ ಹೊತ್ತು ತರುತ್ತವೆ. ಚೂರನ್ನು ಅರೆದು ಪಿಸಿಆರ್ ಪರೀಕ್ಷೆ ಮಾಡಿದರೆ ಪಾಸಿಟಿವ್ ಬರಬಹುದು, ಕ್ಯಾನ್ಸರ್ ಕೋಶದಲ್ಲಿ ವೈರಸ್ ಇಲ್ಲದಿದ್ದರೂ. ಬೆಂಕಿ ಬಿದ್ದ ಮನೆಯ ಮುಂದೆ ನಿಂತವರೆಲ್ಲ ಬೆಂಕಿ ಹಚ್ಚಿದವರಲ್ಲವಷ್ಟೆ.

ಇದನ್ನು ಬಗೆಹರಿಸಲು ಗಡ್ಡೆಯ ತೆಳು ಪದರವನ್ನು ಅರೆಯದೆ ಹಾಗೆಯೇ ಇಟ್ಟು, ವೈರಸ್ ತಯಾರಿಸುವ ಒಂದು ಬಗೆಯ ಆರ್‌ಎನ್‌ಎಗೆ ಬಣ್ಣ ಹಿಡಿಸುವ ಪರೀಕ್ಷೆ ಬಂತು. ಯಾವ ಕೋಶ ಬಣ್ಣ ಪಡೆಯಿತು ಎಂದು ಕಣ್ಣಿನಿಂದಲೇ ನೋಡಬಹುದು. ಇಂತಹ ಗಡ್ಡೆಗಳಲ್ಲಿ ಬಹುಮಟ್ಟಿಗೆ ಎಲ್ಲ ಕ್ಯಾನ್ಸರ್ ಕೋಶಗಳಿಗೂ ಬಣ್ಣ ಬಂತು. ಪಕ್ಕದ ಆರೋಗ್ಯವಂತ ಒಳಪೊರೆಗೆ ಬರಲಿಲ್ಲ. ಇನ್ನೂ ಮುಖ್ಯವಾದ ಸಂಗತಿ ಎಂದರೆ, ಒಂದು ಗಡ್ಡೆಯ ಕೋಶಗಳಲ್ಲಿರುವ ವೈರಸ್ ಎಲ್ಲವೂ ಒಂದೇ ಮೂಲದ್ದು. ಹಾಗೆಂದರೆ ವೈರಸ್ ಮೊದಲು ಒಂದು ಕೋಶವನ್ನು ಹೊಕ್ಕಿತು, ಆ ಒಂದು ಕೋಶ ಬೆಳೆದು ಗಡ್ಡೆಯಾಯಿತು. ಗಡ್ಡೆ ಆದ ಮೇಲೆ ಬಂದು ಸೇರಿದ ಅತಿಥಿ ಇದಲ್ಲ.

2014ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಎಂಬ ಬೃಹತ್ ಯೋಜನೆಯವರು 295 ಜಠರ ಕ್ಯಾನ್ಸರ್‌ಗಳ ವಂಶವಾಹಿಗಳನ್ನು ಪರಿಶೀಲಿಸಿ, ಅವುಗಳನ್ನು ನಾಲ್ಕು ಪಂಗಡಗಳಾಗಿ ವಿಂಗಡಿಸಿದರು. ಅದರಲ್ಲಿ ಒಂದು ಪಂಗಡ ಈ ವೈರಸ್ ಇರುವಂಥದ್ದು, ಶೇಕಡಾ 9. ಅಟ್ಲಾಸ್ ಎಂಬ ಹೆಸರು ಬರ್ಕಿಟ್‌ರಿಗೆ ಇಷ್ಟವಾಗುತ್ತಿತ್ತು ಎನಿಸುತ್ತದೆ. ಈ ಪಂಗಡದ ಗಡ್ಡೆಗಳು ಹೆಚ್ಚಾಗಿ ಜಠರದ ಮೇಲಿನ ಮತ್ತು ನಡುವಿನ ಭಾಗದಲ್ಲಿ ಬರುತ್ತವೆ, ಗಂಡಸರಲ್ಲಿ ಹೆಚ್ಚು. ಕ್ಯಾನ್ಸರನ್ನು ತಡೆಯಬೇಕಾದ ಎಷ್ಟೋ ವಂಶವಾಹಿಗಳಿಗೆ ಇವುಗಳಲ್ಲಿ ರಾಸಾಯನಿಕ ಬೀಗ ಬಿದ್ದಿರುತ್ತದೆ. ಸುತ್ತಲೂ ದೇಹದ ರಕ್ಷಣಾ ಕೋಶಗಳು ಮುತ್ತಿಕೊಂಡಿರುತ್ತವೆ. ಬಹುಶಃ ಆ ಕಾರಣದಿಂದಲೇ ಉಳಿದ ಪಂಗಡಗಳಿಗಿಂತ ಈ ರೋಗಿಗಳ ಪರಿಸ್ಥಿತಿ ತುಸು ಉತ್ತಮ. ಇಮ್ಯುನೋಥೆರಪಿ ಔಷಧಿಗಳಿಗೆ ಇವರಲ್ಲಿ ಕೆಲವರು ಚೆನ್ನಾಗಿ ಸ್ಪಂದಿಸಿದ್ದಾರೆ. ಹಾಗಾಗಿ ವರದಿಯಲ್ಲಿ ವೈರಸ್ ಇದೆ ಎಂದು ಬರೆದಿದ್ದರೆ ಅದು ಕೆಟ್ಟ ಸುದ್ದಿಯೇ ಆಗಿರಬೇಕೆಂದಿಲ್ಲ.

ಜಗತ್ತಿನಲ್ಲಿ 2022ರಲ್ಲಿ ಸುಮಾರು 9.7 ಲಕ್ಷ ಜನರಿಗೆ ಹೊಸದಾಗಿ ಜಠರ ಕ್ಯಾನ್ಸರ್ ಬಂತು. ಅದರಲ್ಲಿ ದೊಡ್ಡ ಪಾಲಿಗೆ ಕಾರಣ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ. ಅದನ್ನು ಉಸಿರು ಅಥವಾ ಮಲ ಪರೀಕ್ಷೆಯಿಂದ ಪತ್ತೆಮಾಡಿ ಔಷಧಿಯಿಂದ ನಿರ್ಮೂಲ ಮಾಡಬಹುದು. ಧೂಮಪಾನ, ಅತಿಯಾದ ಉಪ್ಪಿನ ಪದಾರ್ಥಗಳೂ ಅಪಾಯವನ್ನು ಹೆಚ್ಚಿಸುತ್ತವೆ. ಉಪ್ಪುಮೀನು ಇಲ್ಲದೆ ಮಳೆಗಾಲ ಕಳೆಯದ ನಾವು ಈ ಮಾತನ್ನು ಕೇಳಿಸಿಕೊಳ್ಳುವುದು ಒಳ್ಳೆಯದು. ಎಪ್‌ಸ್ಟೈನ್-ಬಾರ್ ವೈರಸ್ಸನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1997ರಲ್ಲೇ ಕ್ಯಾನ್ಸರ್ ಕಾರಕಗಳ ಪಟ್ಟಿಗೆ ಸೇರಿಸಿದೆ. ಆದರೆ ಅದು ಬರ್ಕಿಟ್ ಲಿಂಫೋಮಾ, ದಕ್ಷಿಣ ಚೀನಾದಲ್ಲಿ ಹೆಚ್ಚಿರುವ ಮೂಗು-ಗಂಟಲಿನ ಕ್ಯಾನ್ಸರ್ ಮುಂತಾದವುಗಳ ಆಧಾರದಲ್ಲಿ. ಜಠರದ ವಿಷಯದಲ್ಲಿ ನಂಟು ಇದೆ ಎಂದಷ್ಟೇ ಆ ವಿಭಾಗ ಹೇಳಿತು. ಕಾರಣವೇ ಹೌದು ಎಂದು ಮುದ್ರೆ ಒತ್ತಲಿಲ್ಲ. ಮಲೇರಿಯದಂತಹ ಜೊತೆಗಾರ ಜಠರದಲ್ಲಿ ಯಾರು ಎಂಬುದು ಇನ್ನೂ ಬಗೆಹರಿಯದ ಪ್ರಶ್ನೆ. ಈ ವೈರಸ್ಸಿಗೆ ಲಸಿಕೆಯ ಪ್ರಯೋಗಗಳು ನಡೆಯುತ್ತಿವೆ, ಬಳಕೆಗೆ ಇನ್ನೂ ಬಂದಿಲ್ಲ.

ರೋಗಿಗಳನ್ನು ಭೇಟಿ ಮಾಡುವವರಿಗೆ ಒಂದು ಮಾತು. ಜಠರ ಕ್ಯಾನ್ಸರ್ ರೋಗಿಯ ಕೈ ಹಿಡಿದರೆ, ಜೊತೆಗೆ ಕುಳಿತು ಊಟ ಮಾಡಿದರೆ ಕ್ಯಾನ್ಸರ್ ಬರುವುದಿಲ್ಲ. ಅವರಲ್ಲಿರುವ ವೈರಸ್ ಹೆಚ್ಚುಕಡಿಮೆ ನಮ್ಮೆಲ್ಲರಲ್ಲೂ ಬಾಲ್ಯದಿಂದ ಇದೆ. ರಕ್ತ ಪರೀಕ್ಷೆಯಲ್ಲಿ ಅದರ ಗುರುತು ಸಿಕ್ಕಿತೆಂದು ಗಾಬರಿಯಾಗುವುದಕ್ಕೂ ಅರ್ಥವಿಲ್ಲ. ಆದರೆ ದೀರ್ಘಕಾಲದ ಹೊಟ್ಟೆನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಕಪ್ಪು ಮಲ ಇದ್ದರೆ ಗ್ಯಾಸ್ ಎಂದು ಅಂಗಡಿಯಿಂದ ಗುಳಿಗೆ ತಂದು ನುಂಗುತ್ತಾ ಕುಳಿತುಕೊಳ್ಳಬಾರದು. ಎಂಡೋಸ್ಕೋಪಿ ಮಾಡಿಸಿಕೊಳ್ಳುವಂತೆ ಹೇಳಿ, ಬೇಕಾದರೆ ಜೊತೆಗೆ ಹೋಗಿ.

ಬರ್ಕಿಟ್ 1960ರ ದಶಕದ ಮಧ್ಯದಲ್ಲಿ ಉಗಾಂಡ ಬಿಟ್ಟು ಇಂಗ್ಲೆಂಡಿಗೆ ಮರಳಿದರು. ಅಲ್ಲಿ ಪೀಟರ್ ಕ್ಲೀವ್ ಎಂಬ ನೌಕಾದಳದ ವೈದ್ಯರ ಪರಿಚಯವಾಗಿ ಆಹಾರದ ಕಡೆಗೆ ಹೊರಳಿದರು. ಮಲಬದ್ಧತೆ, ಅಪೆಂಡಿಸೈಟಿಸ್, ಮೂಲವ್ಯಾಧಿ, ದೊಡ್ಡ ಕರುಳಿನ ಕ್ಯಾನ್ಸರ್ ಇವೆಲ್ಲ ಬ್ರಿಟನ್ನಿನಲ್ಲಿ ಧಾರಾಳ, ಆಫ್ರಿಕದ ಹಳ್ಳಿಗಳಲ್ಲಿ ಅಪರೂಪ. ಮತ್ತೆ ಅದೇ ಪ್ರಶ್ನೆ: ಎಲ್ಲಿದೆ, ಎಲ್ಲಿ ಇಲ್ಲ? ಮತ್ತೆ ಅದೇ ಅಂಚೆ, ಅದೇ ಮಿಷನ್ ಆಸ್ಪತ್ರೆಗಳ ಗೆಳೆಯರು. ಆಹಾರದಲ್ಲಿ ನಾರಿನಂಶ ಕಡಿಮೆಯಾದದ್ದೇ ಕಾರಣ ಎಂದು ಅವರು ದೇಶ ದೇಶ ಸುತ್ತಿ ಸಾರಿದರು. 1979ರಲ್ಲಿ ಈ ಬಗ್ಗೆ ಬರೆದ ಜನಪ್ರಿಯ ಪುಸ್ತಕ ಬಹಳ ಮಾರಾಟವಾಯಿತು. ಅವರು ಹೇಳಿದ್ದೆಲ್ಲವೂ ನಂತರದ ಅಧ್ಯಯನಗಳಲ್ಲಿ ಅಷ್ಟೇ ಬಲವಾಗಿ ನಿಲ್ಲಲಿಲ್ಲ, ಆದರೆ ನಾರಿನಂಶದ ಬಗ್ಗೆ ಇಂದು ವೈದ್ಯರು ಕೊಡುವ ಸಲಹೆಯ ಹಿಂದೆ ಅವರಿದ್ದಾರೆ. 1972ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು. ಭಾಷಣಗಳಲ್ಲಿ ತಮ್ಮ ವಿಶ್ವಾಸವನ್ನು ಅವರು ಎಂದೂ ಮರೆಮಾಚಲಿಲ್ಲ. ಗೌರವ, ಪ್ರಶಸ್ತಿಗಳೆಲ್ಲ ತಮ್ಮ ಯೋಗ್ಯತೆಯಿಂದ ಬಂದವಲ್ಲ ಎಂದೇ ತಿಳಿದಿದ್ದರು.

1993ರ ಮಾರ್ಚ್ 23ರಂದು, ಪಾರ್ಶ್ವವಾಯುವಿಗೆ ತುತ್ತಾಗಿ, ಗ್ಲೌಸ್ಟರ್‌ನಲ್ಲಿ ಡಾ. ಬರ್ಕಿಟ್ ನಿಧನರಾದರು. 82 ವರ್ಷ ವಯಸ್ಸು. ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ಆ ಉಪನ್ಯಾಸಕ್ಕೆ ಹಿಂದಿನ ದಿನವಷ್ಟೇ 32 ವರ್ಷ ತುಂಬಿತ್ತು. ಬಿಸ್ಲಿ ಎಂಬ ಹಳ್ಳಿಯಲ್ಲಿ ಅವರ ಸಮಾಧಿಯಿದೆ. ಅಂದು ಆ ಉಪನ್ಯಾಸ ಕೇಳಲು ಕುಳಿತಿದ್ದ ಆಂಥನಿ ಎಪ್‌ಸ್ಟೈನ್ 2024ರ ಫೆಬ್ರವರಿಯವರೆಗೆ, 102 ವರ್ಷ ಬಾಳಿ, ವೈರಸ್ ಜಠರದ ಅಟ್ಲಾಸ್‌ನಲ್ಲಿ ಜಾಗ ಪಡೆದದ್ದನ್ನೂ ಕಂಡು ತೀರಿಕೊಂಡರು.